ಸೈಲೆನ್ಸರ್ ಕೊನೆಗೆ, ಬ್ರೇಕ್ ಆಯಿಲ್ ಮೊದಲು: ಹುಬ್ಬಳ್ಳಿಯ ಒಂದು ಕೇಮನ್ ಟ್ರ್ಯಾಕ್‌ಗೆ ತಯಾರಾದ ಪ್ರಕರಣ

ಗಾಡಿ 2014ರ ಪೋರ್ಷೆ ಕೇಮನ್. 981 ಅಂತ ಕರೆಯುವ ಪೀಳಿಗೆಯದು. 2.7 ಲೀಟರಿನ ಆರು ಸಿಲಿಂಡರ್ ಎಂಜಿನ್, 275 ಅಶ್ವಶಕ್ತಿ, ಪಿಡಿಕೆ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ. ಮಾಲೀಕ ನನ್ನ ಗೆಳೆಯ, ಹುಬ್ಬಳ್ಳಿಯವನು, ಮನೆತನದ್ದು ಪಂಪ್‌ಸೆಟ್ ವ್ಯಾಪಾರ. ಗಾಡಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದಾನೆ, ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕ್ ಡೇಗೆ ಹೋಗಬೇಕು ಅನ್ನೋದು ಆಸೆ. ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ದುಡ್ಡು ಕಟ್ಟಿ, ನಿಮ್ಮ ಗಾಡಿಯನ್ನೇ ರೇಸ್ ಟ್ರ್ಯಾಕ್ ಮೇಲೆ ಹದಿನೈದು-ಇಪ್ಪತ್ತು ನಿಮಿಷದ ಪಾಳಿಗಳಲ್ಲಿ ಓಡಿಸುವುದು, ಅಷ್ಟೇ. ಮಾರ್ಪಾಡಿಗೆ ಅಂತ ಅವನು ತೆಗೆದಿಟ್ಟಿದ್ದು 3 ಲಕ್ಷ. ಅದನ್ನು ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಹಾಕಬಾರದು, ಇದೇ ಪ್ರಶ್ನೆ.

ಅವನು ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿ ಹೀಗಿತ್ತು: ಸೌಂಡ್ ಬರುವ ಸೈಲೆನ್ಸರ್, ಇಸಿಯು ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕ ಬದಲಿಸಿ ಪವರ್ ಏರಿಸೋದು), ಗಾಡಿ ತಗ್ಗಿಸುವ ಸ್ಪ್ರಿಂಗು, ಹಿಂದೆ ದೊಡ್ಡ ರೆಕ್ಕೆ, 20 ಇಂಚಿನ ವ್ಹೀಲು. ಎಲ್ಲಕ್ಕಿಂತ ಕೆಳಗೆ "ಬ್ರೇಕ್" ಅಂತ ಬರೆದು ಪ್ರಶ್ನಾರ್ಥಕ ಚಿಹ್ನೆ. ಸ್ಪೋರ್ಟ್ಸ್ ಕಾರ್ ತಗೊಂಡ ನೂರರಲ್ಲಿ ತೊಂಬತ್ತು ಜನರ ಪಟ್ಟಿ ಹಿಂಗೇ ಇರುತ್ತೆ ಅಂತ ನನ್ನ ಅಂದಾಜು. ಕಿವಿಗೆ ಕೇಳಿಸೋದು, ಕಣ್ಣಿಗೆ ಕಾಣೋದು ಮೇಲೆ. ಜೀವ ಉಳಿಸೋದು ಕೆಳಗೆ.

ನಾನು ಆ ಪಟ್ಟಿಯನ್ನು ತಲೆಕೆಳಗು ಮಾಡಿದೆ. ಆದರೆ ಬ್ರೇಕ್ ಮೊದಲು ಅನ್ನುವ ಮಾತು ಯಾರು ಬೇಕಾದರೂ ಹೇಳುತ್ತಾರೆ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನಮ್ಮ ಪ್ರಕರಣದಲ್ಲಿ ಅಸಲಿ ಲೆಕ್ಕ ಬದಲಾಗಿದ್ದು ಬೇರೆ ಕಾರಣಕ್ಕೆ: ನಾವಿರೋದು ಹುಬ್ಬಳ್ಳಿಯಲ್ಲಿ.

ದೂರದ ಲೆಕ್ಕ

ನಮ್ಮ ಕಡೆ ಟ್ರ್ಯಾಕ್ ಇಲ್ಲ. ಅವನು ಹೋಗಬೇಕು ಅಂದುಕೊಂಡಿದ್ದು ಚೆನ್ನೈ ಪಕ್ಕದ ಇರುಂಗಾಟ್ಟುಕೋಟ್ಟೈನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ಗೆ. 3.717 ಕಿ.ಮೀ. ಸುತ್ತು, 12 ತಿರುವು. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ, ಆದರೆ ಅದು ಚಿಕ್ಕದು, ಈ ಗಾಡಿಗೆ ಕಾಲು ಚಾಚೋಕೆ ಜಾಗ ಸಾಲಲ್ಲ. ತಮಾಷೆ ಅಂದರೆ ಚೆನ್ನೈ ಟ್ರ್ಯಾಕ್‌ಗೆ ಹೋಗೋಕೆ ದಾರಿ ಕೇಳಬೇಕಾಗಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸ್ ಮೇಲಿರೋ ರಾಷ್ಟ್ರೀಯ ಹೆದ್ದಾರಿ 48 ಇದೆಯಲ್ಲ, ಅದೇ ಹೆದ್ದಾರಿ ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಇರುಂಗಾಟ್ಟುಕೋಟ್ಟೈ ಮುಂದೆಯೇ ಹಾಯುತ್ತೆ. ಆದರೆ ಒಂದು ದಿಕ್ಕಿಗೆ 700 ಕಿ.ಮೀ.ಗೂ ಮೇಲೆ.

ಅಂದರೆ ಏನಾಯ್ತು? ಬೆಂಗಳೂರಿನವರು ಬೆಳಿಗ್ಗೆ ಎದ್ದು ಹೋಗಿ ಬ್ರೇಕ್ ಪ್ಯಾಡು ಮುಗಿಸಿಕೊಂಡು ಮೆಲ್ಲಗೆ ಮನೆಗೆ ಬರಬಹುದು, ಇಲ್ಲಾ ಗಾಡಿಯನ್ನು ಟ್ರಕ್ ಮೇಲೆ ಹಾಕಿ ತರಿಸಬಹುದು. ನಮ್ಮವನಿಗೆ ಅದೇ ಗಾಡಿ ಹೋಗಬೇಕು, ಟ್ರ್ಯಾಕ್ ಮೇಲೆ ಓಡಬೇಕು, ಮರುದಿನ ಅದೇ ಟೈರು, ಅದೇ ಪ್ಯಾಡು, ಅದೇ ಆಯಿಲ್ ಮೇಲೆ 700 ಕಿ.ಮೀ. ವಾಪಸ್ ಬರಬೇಕು. ದಾರಿಯಲ್ಲಿ ಮಳೆ ಬರಬಹುದು. ತುಮಕೂರು ಹತ್ತಿರ ಪಂಕ್ಚರ್ ಆಗಬಹುದು, ಸ್ಟೆಪ್ನಿ ಬೇರೆ ಇಲ್ಲ ಈ ಗಾಡಿಗೆ. ಊರೊಳಗೆ ಬಂದರೆ ವಿದ್ಯಾನಗರದ ಗಲ್ಲಿಗಳ ಹಂಪ್ ಮೇಲೆ ಮೂತಿ ತಾಗದಂತೆ ಅಡ್ಡಡ್ಡ ಹಾಯಿಸಬೇಕು. ಹಂಗಾಗಿ ಪಟ್ಟಿಯ ಒಂದೊಂದು ವಸ್ತುವಿಗೂ ನಾವು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಹಾಕಿಕೊಂಡು ಮನೆಗೆ ವಾಪಸ್ ಬರೋಕಾಗುತ್ತಾ?

ಮಾರ್ಪಾಡು ಮಾಡದೆ ಮೊದಲ ಸಲ

ಅವನನ್ನು ಒಪ್ಪಿಸೋಕೆ ಸ್ವಲ್ಪ ಕಷ್ಟವಾಯ್ತು. ಏನೂ ಹಾಕಿಸದೆ, ಸರ್ವಿಸ್ ಮಾತ್ರ ಮಾಡಿಸಿ ಒಂದು ಸಲ ಹೋಗಿ ಬಾ ಅಂದೆ. ಗಾಡಿಯಲ್ಲಿ ಯಾವುದು ಮೊದಲು ಕೈಕೊಡುತ್ತೋ ಅದಕ್ಕೆ ಮೊದಲು ದುಡ್ಡು. ನಾವು ಊಹೆ ಮಾಡಿ ಹೇಳೋದಕ್ಕಿಂತ ಗಾಡಿಯೇ ಹೇಳಲಿ. ನಾನೂ ಜೊತೆಗೆ ಹೋಗಿದ್ದೆ, ಪಿಟ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗದಲ್ಲಿ, ನಿಂತು ಬರೆದುಕೊಳ್ಳೋದು ನನ್ನ ಕೆಲಸ.

ಗಾಡಿ ಹೇಳಿದ್ದು ಮೂರು ಮಾತು.

ಒಂದು, ನಾಲ್ಕನೇ ಸುತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಗತೊಡಗಿತು. ಎರಡು, ಮುಂದಿನ ಟೈರುಗಳ ಹೊರ ಅಂಚು ಸವೆದು ಹರಕುಹರಕಾಗಿತ್ತು, ಒಳ ಅಂಚು ಹೆಚ್ಚುಕಡಿಮೆ ಹಂಗೇ ಇತ್ತು. ಮೂರು, ನೀರಿನ ಶಾಖದ ಮುಳ್ಳು ಯಾವಾಗಲೂ ನಿಲ್ಲುವ ಜಾಗ ಬಿಟ್ಟು ಸ್ವಲ್ಪ ಮೇಲೆ ಹತ್ತಿತ್ತು. ಎಂಜಿನ್ ಪವರ್ ಸಾಲಲಿಲ್ಲ ಅಂತ ಮಾತ್ರ ಗಾಡಿಯೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ನೇರ ದಾರಿ ಮುಗಿಯೋ ಹೊತ್ತಿಗೆ ಅವನ ತಲೆಯಲ್ಲಿದ್ದದ್ದು "ನಿಲ್ಲುತ್ತಾ ಇಲ್ವಾ" ಅನ್ನೋದೊಂದೇ.

ಬ್ರೇಕ್: ಪ್ಯಾಡೋ, ಆಯಿಲೋ?

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕಂದರೆ ದುಡ್ಡು ಹಾಳಾಗೋದು ಇಲ್ಲೇ.

ಬ್ರೇಕ್ ಕೈಕೊಡೋದು ಎರಡು ಥರ. ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುತ್ತಿಲ್ಲ ಅಂದರೆ ಪ್ಯಾಡು ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ಲೇ ಮೆತ್ತಗಾಗಿ ನೆಲಕ್ಕೆ ಹೋಗುತ್ತಿದೆ ಅಂದರೆ ಆಯಿಲ್ ಕುದ್ದಿದೆ, ಪೈಪಿನಲ್ಲಿ ಆವಿಯ ಗುಳ್ಳೆ ಬಂದಿದೆ. ಆಯಿಲನ್ನು ಒತ್ತಿದರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ನೀವು ಒತ್ತೋದೆಲ್ಲ ಆ ಗುಳ್ಳೆ ಕುಗ್ಗಿಸೋಕೇ ಖರ್ಚಾಗುತ್ತೆ. ಎರಡಕ್ಕೂ ಜನ "ಬ್ರೇಕ್ ಫೇಡ್" ಅಂತ ಒಂದೇ ಹೆಸರು ಹೇಳಿ, ನೇರವಾಗಿ ಆರು ಪಿಸ್ಟನ್ನಿನ ದೊಡ್ಡ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಕಿಟ್ ತರಿಸಿಬಿಡುತ್ತಾರೆ. ನಮ್ಮವನಿಗೂ ಅಂಥದ್ದೇ ಒಂದು ಕೊಟೇಶನ್ ಬಂದಿತ್ತು, ಬಜೆಟ್ ಪೂರ್ತಿ ಅದಕ್ಕೇ ಹೋಗುತ್ತಿತ್ತು.

ನಮ್ಮದು ಎರಡನೇ ಥರ, ಮೆತ್ತಗಿನ ಪೆಡಲ್. ಸರ್ವಿಸ್ ಪುಸ್ತಕ ತೆಗೆದು ನೋಡಿದರೆ ಬ್ರೇಕ್ ಆಯಿಲ್ ಬದಲಿಸಿದ ನಮೂದೇ ಹಲವು ವರ್ಷಗಳಿಂದ ಇಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ್ದು ಅದು. ಮೊದಲ ಸಲ ಹೋಗೋ ಮುಂಚೆ ಮಾಡಿಸಿದ ಸರ್ವಿಸ್‌ನಲ್ಲಿ ಎಂಜಿನ್ ಆಯಿಲ್, ಫಿಲ್ಟರ್ ಎಲ್ಲ ಬದಲಾಗಿತ್ತು, ಬ್ರೇಕ್ ಆಯಿಲ್ ಮಾತ್ರ "ಲೆವೆಲ್ ಸರಿ ಐತಿ" ಅಂತ ಹಂಗೇ ಬಿಟ್ಟಿದ್ದರು. ಲೆವೆಲ್ ಸರಿ ಇದ್ದರೆ ಸಾಲದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ, ಹೀರಿದಷ್ಟೂ ಕುದಿಯುವ ಬಿಂದು ಇಳಿಯುತ್ತೆ. ಡಾಟ್ ಅನ್ನೋದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 4 ಅಂದರೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೀಬೇಕು, ತೇವ ಹೀರಿದ ಮೇಲೆ ಕನಿಷ್ಠ 155. ಡಾಟ್ 5.1 ಆದರೆ 260 ಮತ್ತು 180. ರೇಸಿಂಗ್ ಆಯಿಲ್‌ಗಳು ಹೊಸದರಲ್ಲಿ 300 ದಾಟುತ್ತವೆ. ಊರಲ್ಲಿ ಸ್ಟೇಷನ್ ರೋಡಿನ ಟ್ರಾಫಿಕ್‌ನಲ್ಲಿ ಓಡಾಡುವ ಗಾಡಿಗೆ 155 ಡಿಗ್ರಿಯ ಹಳೇ ಆಯಿಲ್ ಯಾವತ್ತೂ ಗೊತ್ತೇ ಆಗಲ್ಲ. ಟ್ರ್ಯಾಕ್ ಮೇಲೆ ನಾಲ್ಕು ಸುತ್ತಿಗೆ ಗೊತ್ತಾಗುತ್ತೆ.

ಎಷ್ಟು ಶಾಖ ಅಂತ ಲೆಕ್ಕ ಹಾಕಿ ತೋರಿಸಿದ ಮೇಲೆಯೇ ಅವನು ಸುಮ್ಮನಾದದ್ದು. ಗಾಡಿ, ಪೆಟ್ರೋಲು, ಅವನು ಎಲ್ಲ ಸೇರಿ ಸುಮಾರು 1,450 ಕೆ.ಜಿ. ಅಂದುಕೊಳ್ಳಿ. ಗಂಟೆಗೆ 180 ಕಿ.ಮೀ.ನಿಂದ 80ಕ್ಕೆ ಇಳಿಸಿದರೆ ಬ್ರೇಕು ನುಂಗಬೇಕಾದ ಶಕ್ತಿ 14.5 ಲಕ್ಷ ಜೂಲ್. ಮನೆಯ ನಲ್ಲಿಯಿಂದ ಹಿಡಿದ ಸುಮಾರು ನಾಲ್ಕೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರೋಕೆ ಬೇಕಾದಷ್ಟು. ಅದು ಮೂರು-ನಾಲ್ಕು ಸೆಕೆಂಡಿನಲ್ಲಿ, ಒಂದು ತಿರುವಿಗೆ. ಇದರ ಮೇಲೆ ಪವರ್ ಹೆಚ್ಚಿಸಿ ಅದೇ ನೇರ ದಾರಿಯಲ್ಲಿ 190 ಮುಟ್ಟಿದ ಅಂದುಕೊಳ್ಳಿ. ವೇಗ ಹೆಚ್ಚಾಗಿದ್ದು 10 ಕಿ.ಮೀ., ಆದರೆ ಬ್ರೇಕಿಗೆ ಬೀಳೋ ಶಾಖ ಶೇ 14ರಷ್ಟು ಜಾಸ್ತಿ, ಯಾಕಂದರೆ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. ಮೊದಲೇ ಆಯಿಲ್ ಕುದ್ದ ಗಾಡಿಗೆ ಪವರ್ ಸೇರಿಸೋದು ಅಂದರೆ ಇದು.

ಅವನು ಕೇಳಿ ನಕ್ಕ. "ಗಾಡಿ ತಗೊಂಡಿದ್ದು ಓಡ್ಸಾಕ್ಲೇ ದೋಸ್ತ, ನೀ ನೋಡಿದ್ರ ನಿಲ್ಸೂದಕ್ಕ ರೊಕ್ಕಾ ಹಾಕ್ಸಾಕತ್ತೀ."

ಕೊನೆಗೆ ಮಾಡಿದ್ದು ಇಷ್ಟು. ಕ್ಯಾಲಿಪರ್ ಮುಟ್ಟಲಿಲ್ಲ, ಡಿಸ್ಕ್ ಮುಟ್ಟಲಿಲ್ಲ. ಕಂಪನಿಯವರೇ ಕೊಟ್ಟ ನಾಲ್ಕು ಪಿಸ್ಟನ್ ಕ್ಯಾಲಿಪರು, ಮುಂದೆ 315 ಮಿ.ಮೀ. ಡಿಸ್ಕು ಈ ತೂಕದ ಗಾಡಿಗೆ ಧಾರಾಳ ಸಾಕು. ಆಯಿಲ್ ಪೂರ್ತಿ ಬದಲಿಸಿ ರೇಸಿಂಗ್ ಆಯಿಲ್ ತುಂಬಿದೆವು. ಗೋಕುಲ ರೋಡ್ ಕಡೆಯ ಒಂದು ಗ್ಯಾರೇಜಿನಲ್ಲಿ ಮಾಡಿದ ಕೆಲಸ ಇದು. ಈ ಗಾಡಿಯ ಒಂದೊಂದು ಕ್ಯಾಲಿಪರಿಗೂ ಗಾಳಿ ತೆಗೆಯುವ ಎರಡೆರಡು ಬ್ಲೀಡ್ ನಿಪ್ಪಲ್ ಇರುತ್ತವೆ, ಹೊರಗೊಂದು, ಒಳಗೊಂದು. ನಮ್ಮ ಕಡೆ ದಿನಾ ಬರುವ ಗಾಡಿಗಳಿಗೆ ಒಂದೇ ಇರೋದರಿಂದ ಮಿಸ್ತ್ರಿ ಹೊರಗಿನದನ್ನು ಬಿಚ್ಚಿ ಗಾಳಿ ತೆಗೆದು ಮುಂದಿನ ಚಕ್ರಕ್ಕೆ ಹೋಗುವವನಿದ್ದ. ಒಳಗಿನದರ ಮೇಲೆ ಟಾರ್ಚ್ ಬಿಟ್ಟು ತೋರಿಸಿದೆ. ಅದನ್ನು ಬಿಚ್ಚಿದಾಗ ಪಾರದರ್ಶಕ ಪೈಪಿನಲ್ಲಿ ಮೊದಲು ಬಂದದ್ದು ಕಂದು ಬಣ್ಣದ ಹಳೇ ಆಯಿಲ್, ಅದರ ಹಿಂದೆ ಸಣ್ಣ ಸಣ್ಣ ಗುಳ್ಳೆ, ಆಮೇಲೆ ಸ್ವಚ್ಛ ಹೊಸ ಆಯಿಲ್. ಬಿಟ್ಟಿದ್ದರೆ ಆ ಗುಳ್ಳೆಗಳು ಅಲ್ಲೇ ಕೂತಿರುತ್ತಿದ್ದವು. ಬೇರೆ ಊರಲ್ಲಿ ಇದೇ ಕೆಲಸ ಮಾಡಿಸುವವರು ಇದೊಂದನ್ನು ನಿಂತು ನೋಡಿ.

ಪ್ಯಾಡಿನ ವಿಚಾರದಲ್ಲಿ ದೂರದ ಲೆಕ್ಕ ಅಡ್ಡ ಬಂತು. ಪಕ್ಕಾ ರೇಸ್ ಪ್ಯಾಡು ಕಾದ ಮೇಲೆ ಅದ್ಭುತವಾಗಿ ಹಿಡಿಯುತ್ತೆ. ಆದರೆ ತಣ್ಣಗಿದ್ದಾಗ ಹಿಡಿತ ಕಮ್ಮಿ, ಕಿರ್ ಅಂತ ಕಿರುಚುತ್ತೆ, ಡಿಸ್ಕ್ ತಿನ್ನುತ್ತೆ. ಬೆಳಗಿನ ಜಾವ ಚಿತ್ರದುರ್ಗದ ಹತ್ತಿರ ಒಂದು ಗಂಟೆ ಬ್ರೇಕ್ ಮುಟ್ಟದೆ ಬಂದಿರುತ್ತೀರಿ, ಡಿವೈಡರ್ ಸಂದಿಯಿಂದ ಒಂದು ಟ್ರ್ಯಾಕ್ಟರ್ ಅಡ್ಡ ಬರುತ್ತೆ, ಆಗ ಮೊದಲ ಒತ್ತಿಗೇ ಹಿಡಿಯೋ ಪ್ಯಾಡು ಬೇಕು. ಟ್ರ್ಯಾಕ್‌ನಲ್ಲೇ ಪ್ಯಾಡ್ ಬದಲಿಸಿಕೊಳ್ಳಬಹುದಲ್ಲ ಅಂತ ಕೇಳಬಹುದು. ಆಗುತ್ತೆ, ಈ ಕ್ಯಾಲಿಪರ್‌ನಲ್ಲಿ ಪಿನ್ ತೆಗೆದರೆ ಪ್ಯಾಡು ಮೇಲಿಂದಲೇ ಹೊರಬರುತ್ತೆ. ಆದರೆ ಸುಸ್ತಾದ ಸಂಜೆ, ಬಿಸಿಲಲ್ಲಿ ಕಾದ ಗಾಡಿ, ಜಾಕು ಹಾಕಿಕೊಂಡು ಅದನ್ನು ಮಾಡುವ ಮನುಷ್ಯ ಅವನಲ್ಲ. ಅದಕ್ಕೇ ರಸ್ತೆಗೂ ಆಗುವ, ಟ್ರ್ಯಾಕ್‌ನಲ್ಲಿ ಇಪ್ಪತ್ತು ನಿಮಿಷ ತಡೆಯುವ ನಡುವಿನ ದರ್ಜೆಯ ಪ್ಯಾಡು ತರಿಸಿದೆವು. ಎರಡೂ ಕಡೆ ಅತ್ಯುತ್ತಮ ಅಲ್ಲ, ಎರಡೂ ಕಡೆ ಸಾಕು.

ಇದರ ಜೊತೆ ದುಡ್ಡಿಲ್ಲದ ಒಂದು ಮಾರ್ಪಾಡು, ಅಭ್ಯಾಸದ್ದು: ಪಾಳಿಯ ಕೊನೇ ಸುತ್ತು ಬ್ರೇಕ್ ಹೆಚ್ಚು ಮುಟ್ಟದೆ ಮೆಲ್ಲಗೆ ಬರಬೇಕು, ಪಿಟ್‌ನಲ್ಲಿ ನಿಂತ ಮೇಲೆ ಪೆಡಲ್ ಒತ್ತಿ ಹಿಡಿಯಬಾರದು. ಕಾದ ಡಿಸ್ಕಿಗೆ ಪ್ಯಾಡು ಒಂದೇ ಜಾಗದಲ್ಲಿ ಅಂಟಿಕೊಂಡು ಕೂತರೆ ಆಮೇಲೆ ಸ್ಟಿಯರಿಂಗ್ ನಡುಗುತ್ತೆ.

ರೇಡಿಯೇಟರ್‌ನಲ್ಲಿ ಹತ್ತಿ

ಈ ಗಾಡಿಯ ಎಂಜಿನ್ ಸೀಟಿನ ಹಿಂದೆ, ಹಿಂದಿನ ಆಕ್ಸಲ್‌ಗಿಂತ ಮುಂದೆ. ಬಾನೆಟ್ ಎತ್ತಿದರೆ ಸಾಮಾನಿಡುವ ಜಾಗ, ಹಿಂದಿನ ಡಿಕ್ಕಿ ಎತ್ತಿದರೆ ಅಲ್ಲೂ ಸಾಮಾನಿಡುವ ಜಾಗ. ಪೆಟ್ರೋಲ್ ಬಂಕ್‌ನಲ್ಲಿ ಎಲ್ಲರದೂ ಒಂದೇ ಪ್ರಶ್ನೆ, "ಎಂಜಿನ್ ಎಲ್ಲೈತ್ರಿ ಸರ?" ಎಂಜಿನ್ ಹಿಂದಿದ್ದರೂ ರೇಡಿಯೇಟರುಗಳು ಮುಂದೆಯೇ ಇವೆ, ಬಂಪರಿನ ಎಡ-ಬಲ ಮೂಲೆಯಲ್ಲಿ ಒಂದೊಂದು, ಅವುಗಳ ಮುಂದೆ ಎಸಿ ಕಂಡೆನ್ಸರ್. ಬಂಪರಿನ ಬಾಯಿ ಅಗಲ, ಒಳಗೆ ಹೋದದ್ದು ಹೊರಗೆ ಬರಲ್ಲ.

ಶಾಖದ ಮುಳ್ಳು ಏರಿದ್ದಕ್ಕೆ ಅವನ ಮೊದಲ ಯೋಚನೆ ಇನ್ನೊಂದು ರೇಡಿಯೇಟರ್ ಹಾಕಿಸೋದು. ಅದಕ್ಕೂ ಮುಂಚೆ ಬಂಪರ್ ಬಿಚ್ಚಿಸಿ ನೋಡೋಣ ಅಂದೆ. ಬಿಚ್ಚಿದಾಗ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಏನಿತ್ತು ಗೊತ್ತಾ? ಒಣ ಎಲೆ, ಹುಳ, ಎರಡು ಗುಟ್ಕಾ ಚೀಟಿ, ಇವೆಲ್ಲವನ್ನೂ ಹಿಡಿದು ಕೂಡಿಸಿದ್ದು ಹತ್ತಿ. ಗದಗ ರೋಡಿನಲ್ಲಿ ಹಂಗಾಮಿನಲ್ಲಿ ಓಡಾಡಿದವರಿಗೆ ಗೊತ್ತು, ಹತ್ತಿ ತುಂಬಿದ ಲಾರಿಗಳ ಹಿಂದೆ ಬಿಳಿ ಎಳೆ ಹಾರುತ್ತಲೇ ಇರುತ್ತೆ, ಬೇಲಿಗೂ ಸಿಕ್ಕಿಕೊಂಡಿರುತ್ತೆ. ಅವನ ಅಂಗಡಿ ಕೆಲಸಕ್ಕೆ ಆ ಕಡೆ ಓಡಾಟ ಇದ್ದೇ ಇದೆ, ಆಗಾಗ ಈ ಗಾಡಿಯಲ್ಲೇ ಹೋಗುತ್ತಾನೆ. ಎಳೆ ಎಲ್ಲ ಒಳಗೆ ಹೋಗಿ ಧೂಳು ಹಿಡಿದು, ಬೂದು ಬಣ್ಣದ ಕಂಬಳಿ ಆಗಿ ರೇಡಿಯೇಟರಿನ ಕೆಳ ಭಾಗಕ್ಕೆ ಅಂಟಿತ್ತು. ಮಿಸ್ತ್ರಿ ಕೈಯಲ್ಲಿ ಎಳೆದು ತೆಗೆದು, "ಇನ್ನೊಂದೀಟು ಸಿಕ್ಕಿದ್ರ ತಲಿದಿಂಬು ಹೊಲಸಬಹುದಿತ್ರಿ ಸರ" ಅಂದ.

ಕಂಡೆನ್ಸರ್ ಬಿಡಿಸಿ, ಕಡಿಮೆ ಒತ್ತಡದ ನೀರಿನಲ್ಲಿ ಒಳಗಿನಿಂದ ಹೊರಕ್ಕೆ ತೊಳೆದರು. ಜೋರಾಗಿ ಪ್ರೆಶರ್ ಬಿಟ್ಟರೆ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಮಡಚಿಕೊಳ್ಳುತ್ತವೆ, ಆಗ ಕಸಕ್ಕಿಂತ ದೊಡ್ಡ ತಲೆನೋವು. ಬಂಪರಿನ ಬಾಯಿಗೆ ಒಳಗಿನಿಂದ ಜಾಳಿಗೆ ಕಟ್ಟಿಸಿದೆವು. ತೀರಾ ಸಣ್ಣ ಕಣ್ಣಿನ ಸೊಳ್ಳೆ ಜಾಳಿಗೆ ಹಾಕಿದರೆ ಗಾಳಿಯೇ ನಿಲ್ಲುತ್ತೆ, ಹತ್ತಿ ಜಾಳಿಗೆ ಮೇಲೇ ಕೂತು ಮುಚ್ಚಿಬಿಡುತ್ತೆ. ಸ್ವಲ್ಪ ದೊಡ್ಡ ಕಣ್ಣಿನದು ಹಾಕಿ, ಕಾಣುವ ಕಸವನ್ನು ವಾರಕ್ಕೊಮ್ಮೆ ಕೈಯಲ್ಲೇ ತೆಗೆಯೋದು ಅಂತ ತೀರ್ಮಾನ. ಇಡೀ ಪ್ರಕರಣದಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಕೊಟ್ಟಿದ್ದು ಇನ್ನೊಂದಿಲ್ಲ, ಆದರೆ ಇದನ್ನು ಯಾರೂ ಮಾರ್ಪಾಡು ಅಂತ ಕರೆಯೋದೂ ಇಲ್ಲ.

ಟೈರು ಮತ್ತು ಕ್ಯಾಂಬರ್

ಟೈರಿನ ಗುಂಡಿ (ಮೇಲ್ಮೈಯ ಅಚ್ಚು, ಟ್ರೆಡ್) ಚೆನ್ನಾಗಿತ್ತು, ಅದಕ್ಕೇ ಅವನಿಗೆ ಬದಲಿಸೋ ಮನಸ್ಸಿರಲಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತೆ, ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಇವನದರಲ್ಲಿ 2317, ಅಂದರೆ 2017ರ 23ನೇ ವಾರ ತಯಾರಾದದ್ದು. ಹಿಂದಿನವರು ಗಾಡಿಯನ್ನು ಓಡಿಸಿದ್ದಕ್ಕಿಂತ ನಿಲ್ಲಿಸಿದ್ದೇ ಜಾಸ್ತಿ. ಗುಂಡಿ ಉಳಿದಿದೆ, ರಬ್ಬರು ಗಟ್ಟಿಯಾಗಿದೆ. ಉಗುರಿನಲ್ಲಿ ಒತ್ತಿದರೆ ಗುರುತೇ ಬೀಳಲ್ಲ. ಇದು ಹೋಗಲೇಬೇಕು ಅಂತ ಆಯ್ತು.

ಮುಂದಿನ ಪ್ರಶ್ನೆ, ಯಾವ ಟೈರು? ಟ್ರ್ಯಾಕ್‌ಗೇ ಅಂತ ಬರುವ ಅರೆ-ಸ್ಲಿಕ್ ಟೈರು ಹಾಕಿದರೆ ತಿರುವಿನಲ್ಲಿ ಗಾಡಿ ರಸ್ತೆಗೆ ಅಂಟಿಕೊಂಡ ಹಂಗೆ ಹೋಗುತ್ತೆ, ನಿಜ. ಆದರೆ ಗುಂಡಿ ಕಮ್ಮಿ, ನಿಂತ ನೀರಿನಲ್ಲಿ ಜಾರುತ್ತೆ. ಜೂನ್-ಜುಲೈನಲ್ಲಿ ಹಾವೇರಿಯಿಂದ ಈಚೆ ಮಳೆ ಹಿಡಿದರೆ ಅದರ ಮೇಲೆ ಬರೋಕೆ ನಾನಂತೂ ಕೂರಲ್ಲ. ಹೆಚ್ಚು ಹಿಡಿತ ಅಂದರೆ ಹೆಚ್ಚು ಭಾರ ಬೇರೆಡೆಗೆ ಕೂಡ: ಬ್ರೇಕಿಗೆ, ವ್ಹೀಲ್ ಬೇರಿಂಗಿಗೆ, ಉದ್ದನೆಯ ತಿರುವಿನಲ್ಲಿ ಒಂದು ಕಡೆಗೆ ಸರಿಯುವ ಎಂಜಿನ್ ಆಯಿಲಿಗೆ. ಹಾಗಾದರೆ ಅರೆ-ಸ್ಲಿಕ್ ಬೇರೆ ವ್ಹೀಲಿಗೆ ಹಾಕಿ ಜೊತೆಗೆ ಒಯ್ಯೋಣ ಅಂದ. ಎಲ್ಲಿ ಇಡ್ತೀಯಪ್ಪಾ? ಎರಡೇ ಸೀಟಿನ ಗಾಡಿ, ಹಿಂದಿನ ಟೈರು 265 ಅಗಲ. ಒಂದನ್ನು ಪಕ್ಕದ ಸೀಟಿನ ಮೇಲೆ ಕೂರಿಸಿ ಬೆಲ್ಟ್ ಹಾಕಬಹುದು, ಉಳಿದ ಮೂರಕ್ಕೆ ಜಾಗ ಎಲ್ಲಿ?

ಹೊಸದಾಗಿ, ಕಂಪನಿ ಅಳತೆಯಲ್ಲೇ, ಒಳ್ಳೆ ದರ್ಜೆಯ ರಸ್ತೆಯ ಸ್ಪೋರ್ಟ್ಸ್ ಟೈರು ಹಾಕಿಸಿದ. ಮುಂದೆ 235, ಹಿಂದೆ 265, 18 ಇಂಚು. 20 ಇಂಚಿನ ವ್ಹೀಲು ಪಟ್ಟಿಯಿಂದ ಹೋಯ್ತು: ತೂಕ ಜಾಸ್ತಿ, ಟೈರಿನ ಬದಿ ತೆಳು, ನಮ್ಮ ರಸ್ತೆಯ ಒಂದೇ ತಗ್ಗಿಗೆ ರಿಮ್ ಬಾಗುತ್ತೆ. ಮೇಲಾಗಿ 18 ಇಂಚಿನ ಟೈರು ಅಗ್ಗ.

ಹೊರ ಅಂಚು ಸವೆಯೋದು ಟೈರಿನ ತಪ್ಪಲ್ಲ, ಅದು ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನದ ವಿಚಾರ. ತಿರುವಿನಲ್ಲಿ ಗಾಡಿ ವಾಲಿದಾಗ ಹೊರಗಿನ ಚಕ್ರವೂ ಹೊರಕ್ಕೆ ವಾಲಿ ಬರೀ ಅಂಚಿನ ಮೇಲೆ ನಿಲ್ಲುತ್ತೆ. ಚಕ್ರದ ತಲೆಯನ್ನು ಮೊದಲೇ ಸ್ವಲ್ಪ ಒಳಕ್ಕೆ ವಾಲಿಸಿಟ್ಟರೆ, ತಿರುವಿನಲ್ಲಿ ಟೈರಿನ ಪೂರ್ತಿ ಅಗಲ ನೆಲಕ್ಕೆ ಸಿಗುತ್ತೆ. ಕಂಪನಿಯವರು ಇದನ್ನು ಕಡಿಮೆ ಇಟ್ಟಿರುತ್ತಾರೆ, ಮುಂಭಾಗ ಮೊದಲು ಜಾರಲಿ ಅಂತ. ಸಾಮಾನ್ಯ ಚಾಲಕನಿಗೆ ಹಿಂಭಾಗ ಜಾರೋದಕ್ಕಿಂತ ಮುಂಭಾಗ ಜಾರೋದು ಸುರಕ್ಷಿತ, ಹೆದರಿ ಕಾಲು ತೆಗೆದರೂ ಗಾಡಿಯ ಹಿಂಭಾಗ ಅಷ್ಟು ಸುಲಭಕ್ಕೆ ತಿರುಗಲ್ಲ. ಮಧ್ಯದಲ್ಲಿ ಎಂಜಿನ್ ಇರುವ ಗಾಡಿಯಲ್ಲಿ ಇದು ಇನ್ನೂ ಮುಖ್ಯ. ಹಂಗಾಗಿ ಕ್ಯಾಂಬರ್ ಜಾಸ್ತಿ ಮಾಡುವ, ಚಕ್ರವನ್ನು ಕೆಳಗಿನಿಂದ ಹಿಡಿಯುವ ವಿಶೇಷ ಆರ್ಮ್‌ಗಳನ್ನು ಈಗಲೇ ಹಾಕಿಸಲಿಲ್ಲ. ಸಸ್ಪೆನ್ಶನ್ ಮೇಲ್ಭಾಗದ ಬೋಲ್ಟ್‌ಗಳಲ್ಲಿ ಕಂಪನಿಯೇ ಬಿಟ್ಟ ಸರಿದಾಟದ ಜಾಗ ಪೂರ್ತಿ ಬಳಸಿ, ಎಡ-ಬಲ ಸಮ ಇಟ್ಟು, ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಮಾತ್ರ ಕಂಪನಿ ಅಳತೆಗೆ ತಂದೆವು. ಹೆದ್ದಾರಿಯಲ್ಲಿ ಟೈರ್ ತಿನ್ನೋದು ಕ್ಯಾಂಬರ್‌ಗಿಂತ ತಪ್ಪು ಟೋ. ಅಲೈನ್‌ಮೆಂಟ್ ಮಾಡುವಾಗ ಅವನನ್ನು ಸೀಟಿನಲ್ಲಿ ಕೂರಿಸಿಯೇ ಅಳೆಸಿದೆ, ಅಂಗಡಿಯವನಿಗೆ ಅದು ವಿಚಿತ್ರ ಅನ್ನಿಸಿರಬೇಕು. ಅವನ ತೂಕ ಹೇಳಲ್ಲ, ಆದರೆ ಮುಳ್ಳು ಸರಿದದ್ದು ನಿಜ.

ಟೈರಿನ ಗಾಳಿಯೂ ಲೆಕ್ಕಕ್ಕೆ ಬರುತ್ತೆ. ಟೈರು 10 ಡಿಗ್ರಿ ಬಿಸಿಯಾದರೆ ಒತ್ತಡ ಒಂದರಿಂದ ಒಂದೂವರೆ ಪಿಎಸ್‌ಐ ಏರುತ್ತೆ. ಹಾಗಾಗಿ ಪಿಟ್‌ಗೆ ಬಂದ ಕೂಡಲೇ ಅಳೆದು ಇಳಿಸಬೇಕು, ಸಂಜೆ ಮನೆಗೆ ಹೊರಡೋ ಮುಂಚೆ ತಣ್ಣಗಾದ ಮೇಲೆ ಮತ್ತೆ ತುಂಬಬೇಕು. ಇದನ್ನು ಮರೆತು ಕಮ್ಮಿ ಗಾಳಿಯಲ್ಲೇ ಹೆದ್ದಾರಿಗೆ ಇಳಿಯೋದು ಟ್ರ್ಯಾಕ್‌ಗಿಂತ ಅಪಾಯ. ಒಂದು ಒಳ್ಳೆ ಗೇಜು, ಸಿಗರೇಟ್ ಸಾಕೆಟ್ಟಿಗೆ ಚುಚ್ಚುವ ಪಂಪು, ಇವೆರಡೂ ಡಿಕ್ಕಿಗೆ ಬಂದವು. ಪಂಕ್ಚರ್‌ಗೂ ಆಯ್ತು.

ಬೇಡ ಅಂದದ್ದು

ರೀಮ್ಯಾಪ್: ಟರ್ಬೊ ಇರುವ ಗಾಡಿಗೆ ಒಂದು ಲ್ಯಾಪ್‌ಟಾಪ್ ಹಚ್ಚಿ ಪವರ್ ಏರಿಸಬಹುದು, ಒತ್ತಡ ಹೆಚ್ಚಿಸೋಕೆ ದಾರಿ ಇದೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಸಿಗೋದು ಅಲ್ಪ. ಅದೂ ಹೆಚ್ಚು ಆಕ್ಟೇನ್ ಪೆಟ್ರೋಲ್ ನಂಬಿಕೊಂಡು, ಅದು ದಾರಿಯ ಎಲ್ಲ ಬಂಕ್‌ನಲ್ಲೂ ಸಿಗಲ್ಲ.

ರೆಕ್ಕೆ: ಈ ಗಾಡಿಗೆ ಹಿಂದೆ ತಾನಾಗಿ ಏಳುವ ಸ್ಪಾಯ್ಲರ್ ಇದೆಯಲ್ಲ. ಹಿಂದೆ ಮಾತ್ರ ದೊಡ್ಡದು ಕೂರಿಸಿದರೆ ಮುಂಭಾಗ ಹಗುರಾಗುತ್ತೆ, ನಮಗೆ ಮೊದಲೇ ಮುಂಭಾಗದ್ದೇ ತೊಂದರೆ. ಬೇಡ.

ತಗ್ಗಿಸುವ ಸ್ಪ್ರಿಂಗು: ಹಂಪ್ ವಿಚಾರ ಮೇಲೆ ಹೇಳಿದ್ದೇನೆ.

ಸೈಲೆನ್ಸರ್ ಮೇಲೆ ಮಾತ್ರ ಅವನು ಬಹಳ ಹಟ ಮಾಡಿದ. ಇಲ್ಲಿ ಕಾನೂನು ಬರುತ್ತೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಟ್ರಕ್ ಮೇಲೆ ಹೋಗುವ ಗಾಡಿಗೆ ಇದು ಅಷ್ಟಾಗಿ ತಾಗಲ್ಲ. ನಮ್ಮದು ಎರಡು ರಾಜ್ಯ ದಾಟಿ, ಅಷ್ಟೂ ಟೋಲ್ ದಾಟಿ ಹೋಗುವ ಹಳದಿ ಗಾಡಿ. ಸುಮ್ಮನಿದ್ದರೂ ಪೊಲೀಸರು ನಿಲ್ಲಿಸಿ ಸೆಲ್ಫಿ ಕೇಳುತ್ತಾರೆ, ಸೌಂಡ್ ಬೇರೆ ಮಾಡಿಕೊಂಡು ಹೋಗೋದು ಯಾಕೆ?

ನಾಲ್ಕು ಪಾಯಿಂಟಿನ ರೇಸ್ ಬೆಲ್ಟ್ ಬಗ್ಗೆಯೂ ಕೇಳಿದ್ದ. ಸೀಟು, ರೋಲ್ ಬಾರ್ ಯಾವುದೂ ಬದಲಿಸದೆ ಬರೀ ಬೆಲ್ಟ್ ಬದಲಿಸಿದರೆ ಅಪಘಾತದಲ್ಲಿ ದೇಹ ಬೆಲ್ಟಿನ ಕೆಳಗೆ ಜಾರುತ್ತೆ. ಕಂಪನಿ ಬೆಲ್ಟೇ ಇರಲಿ. ಬದಲಿಗೆ ತಲೆಗೆ ಸರಿಯಾಗಿ ಕೂರುವ ಫುಲ್ ಫೇಸ್ ಹೆಲ್ಮೆಟ್ ತಗೊಂಡ, ಅದನ್ನು ಹಾಕಿಕೊಂಡೇ ಸೀಟಿನಲ್ಲಿ ಕೂತು ನೋಡಿ.

ವಿಮೆ ಬಗ್ಗೆ ಒಂದು ಮಾತು. ಖಾಸಗಿ ಕಾರಿನ ಪಾಲಿಸಿಯಲ್ಲಿ ರೇಸ್, ವೇಗ ಪರೀಕ್ಷೆಯಂಥ ಬಳಕೆಗೆ ರಕ್ಷಣೆ ಇಲ್ಲ ಅಂತ ಬರೆದಿರುತ್ತೆ. ಟ್ರ್ಯಾಕ್ ಮೇಲೆ ಗೋಡೆಗೆ ಹೊಡೆದರೆ ಖರ್ಚು ಪೂರ್ತಿ ನಿಮ್ಮದೇ ಅಂತಲೇ ಲೆಕ್ಕ ಹಾಕಿ. ಅವನಿಗೆ ಇದನ್ನು ಮನೆಯಲ್ಲಿ, ಅವನ ತಂದೆ ಎದುರಿಗೇ ಹೇಳಿದೆ. "ಹಂಗಾರ ಬ್ರೇಕ್ ಚಲೋ ಹಾಕಸು" ಅಂದರು ಅವರು. ಆಮೇಲೆ ಬ್ರೇಕ್ ಬಗ್ಗೆ ಚರ್ಚೆ ಆಗಲಿಲ್ಲ.

ದುಡ್ಡು ಹೋದದ್ದೆಲ್ಲಿ, ಸಿಕ್ಕಿದ್ದೇನು

3 ಲಕ್ಷದಲ್ಲಿ ಹತ್ತಿರಹತ್ತಿರ ಅರ್ಧ ಟೈರಿಗೇ ಹೋಯ್ತು. ಆಮೇಲೆ ಪ್ಯಾಡು. ಆಯಿಲ್, ಅಲೈನ್‌ಮೆಂಟು, ಬಂಪರ್ ಬಿಚ್ಚಿ ತೊಳೆಸಿದ್ದು, ಗೇಜು, ಪಂಪು ಎಲ್ಲ ಸೇರಿದರೂ ಪ್ಯಾಡಿಗಿಂತ ಕಮ್ಮಿ. ಉಳಿದದ್ದರಲ್ಲಿ ಎರಡನೇ ಸಲ ಹೋದಾಗ ಪಕ್ಕದ ಸೀಟಿನಲ್ಲಿ ಕೂತು ಹೇಳಿಕೊಡುವ ತರಬೇತುದಾರರಿಗೆ ಕೊಟ್ಟ. ಇದಕ್ಕೆ ಅವನು ಗೊಣಗಿದ, ಮಾರ್ಪಾಡಿನ ದುಡ್ಡಲ್ಲಿ ಪಾಠ ಯಾಕೆ ಅಂತ.

ಎರಡನೇ ಸಲ ಇಪ್ಪತ್ತು ನಿಮಿಷದ ಪಾಳಿ ಪೂರ್ತಿ ಪೆಡಲ್ ಒಂದೇ ಎತ್ತರದಲ್ಲಿ ನಿಂತಿತು. ಮುಳ್ಳು ಜಾಗ ಬಿಟ್ಟು ಕದಲಲಿಲ್ಲ, ಬಿಸಿಲು ಮೊದಲ ಸಲಕ್ಕಿಂತ ಜಾಸ್ತಿಯೇ ಇತ್ತು. ಸುತ್ತಿನ ಸಮಯ ನಾನು ಇಲ್ಲಿ ಬರೆಯಲ್ಲ, ಹೊಸ ಟೈರಿನಿಂದ ಎಷ್ಟು, ತರಬೇತಿಯಿಂದ ಎಷ್ಟು ಅಂತ ಬೇರ್ಪಡಿಸೋಕಾಗಲ್ಲ. ಆದರೆ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಿನ ವ್ಯತ್ಯಾಸ ಬಹಳ ಕಮ್ಮಿಯಾಯ್ತು. ತರಬೇತುದಾರರು ಅವನಿಗೆ ಹೇಳಿದ್ದು ಮುಖ್ಯವಾಗಿ ಒಂದು: ತಿರುವಿನ ಮಧ್ಯೆ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲು ತೆಗೀಬೇಡಿ. ತೆಗೆದರೆ ತೂಕ ಮುಂದಕ್ಕೆ ಬಂದು ಹಿಂಭಾಗ ಹಗುರಾಗಿ ತಿರುಗಿಬಿಡುತ್ತೆ. ಗಾಡಿ ಜಾರಿದಾಗ ತಾನಾಗಿ ಸಂಭಾಳಿಸುವ ಸ್ಟೆಬಿಲಿಟಿ ಕಂಟ್ರೋಲ್ ಆಫ್ ಮಾಡೋ ಮಾತೇ ಈಗ ಬೇಡ ಅಂದರು.

ಬಾಕಿ ಇರೋದು ಎರಡು ತೀರ್ಮಾನ. ಹೊಸ ಟೈರಿನ ಹೊರ ಅಂಚು ಈಗಲೂ ಒಳ ಅಂಚಿಗಿಂತ ಬೇಗ ಸವೆಯುತ್ತಿದೆ, ಮೊದಲಿನಷ್ಟಲ್ಲ. ಅಂದರೆ ಕ್ಯಾಂಬರ್ ಇನ್ನೂ ಬೇಕು, ಆ ವಿಶೇಷ ಆರ್ಮ್‌ಗಳ ವಿಚಾರ ಮತ್ತೆ ಬಂದಿದೆ. ನನ್ನ ಸಲಹೆ, ಇನ್ನೊಂದು ಸಲ ಹೋಗಿ ಬಂದು ಅಂಚು ಅಳೆದು ನೋಡು, ಒಂದು ಜೊತೆ ಟೈರಿನ ಬೆಲೆಗೆ ಆರ್ಮ್ ಬಂದರೆ ಹಾಕಿಸು. ಎರಡನೆಯದು ಅರೆ-ಸ್ಲಿಕ್. ಧಾರವಾಡದ ಇಬ್ಬರು ಮುಂದಿನ ಸಲ ಬರ್ತೀವಿ ಅಂದಿದ್ದಾರೆ, ಮೂವರ ಟೈರು, ಜಾಕು, ಪ್ಯಾಡು ಎಲ್ಲ ಹಾಕಿಕೊಂಡು ಒಂದು ಪಿಕಪ್ ಗಾಡಿ ಹಿಂದೆ ಬಂದರೆ ಬಾಡಿಗೆ ಮೂರು ಪಾಲು ಆಗುತ್ತೆ. ಹಾಗಾದರೆ ವಾಪಸ್ ಬರುವ ಟೈರು ಬೇರೆ, ಟ್ರ್ಯಾಕ್ ಟೈರು ಬೇರೆ, ಪ್ಯಾಡೂ ಬೇರೆ ಇಡಬಹುದು, ಮೇಲಿನ ಅರ್ಧಕ್ಕರ್ಧ ಲೆಕ್ಕ ಹೊಸದಾಗಿ ಹಾಕಬೇಕಾಗುತ್ತೆ. ಪಿಕಪ್‌ನವನು ಚೆನ್ನೈವರೆಗೆ ಎಷ್ಟು ಕೇಳ್ತಾನೆ ಅಂತ ವಿಚಾರಿಸೋಕೆ ಎಪಿಎಂಸಿ ಕಡೆ ಹೋಗಿದ್ದಾನೆ. ಸೈಲೆನ್ಸರ್ ಫೋಟೊ ಮಾತ್ರ ಇನ್ನೂ ವಾರಕ್ಕೊಂದು ಕಳಿಸ್ತಾನೇ ಇದ್ದಾನೆ.